ಸಮುದ್ರದೊಳಗಣ ಹಿಮವರ್ಷ

ಹಿಮ ಬೀಳುವುದನ್ನು ಕಣ್ಣಾರೆ ಕಂಡವರು ನಮ್ಮ ನಾಡಿನಲ್ಲಿ ವಿರಳ. ಆದರೂ ನಮ್ಮ ಪಡುವಣ ಕಡಲಿನೊಳಗೆ ಹಗಲಿರುಳೂ ಒಂದು ಬಗೆಯ ಹಿಮವು ಸುರಿಯುತ್ತಲೇ ಇರುವುದೆಂದರೆ ವಾಚಕರು ಬೆರಗಾಗಬಹುದು. ಇದು ನೀರು ಹೆಪ್ಪುಗಟ್ಟಿ ಆದ ಹಿಮವಲ್ಲ. ಸತ್ತ ಸಸ್ಯಗಳ ಚೂರು, ಕ್ಷುದ್ರಜಂತುಗಳ ಮಲ, ಕಳಚಿಬಿದ್ದ ಚಿಪ್ಪು, ಗಾಳಿ ತಂದ ಧೂಳು, ಇವೆಲ್ಲವೂ ಲೋಳೆಯಿಂದ ಅಂಟಿಕೊಂಡು ಉಂಟಾದ ಬಿಳಿಯ ತುಣುಕುಗಳಿವು. 1950ರ ದಶಕದ ಆದಿಯಲ್ಲಿ ಜಪಾನಿನ ವಿದ್ವಾಂಸರು ನೀರೊಳಗೆ ಇಳಿಯುವ ಯಂತ್ರದ ಕಿಟಕಿಯಿಂದ ಇವನ್ನು ಕಂಡು ‘ಸಮುದ್ರಹಿಮ’ವೆಂದು ಹೆಸರಿಟ್ಟರು. ಈ ಹಿಮವು ಅಂಗಾರವನ್ನು ಆಳಕ್ಕೆ ಒಯ್ಯುವ ವಿಧಾನವನ್ನು ಇಲ್ಲಿ ವಿವರಿಸುವೆವು.

ಬೆಳಕು ಇಳಿಯುವ ಮೇಲಿನ ಪದರದಲ್ಲಿ ಸೂಕ್ಷ್ಮದರ್ಶಕದಿಂದ ಮಾತ್ರ ಕಾಣತಕ್ಕ ಅಸಂಖ್ಯ ಸಸ್ಯಗಳು ತೇಲುತ್ತಿರುವುವು. ಇವು ಅಂಗಾರಾಮ್ಲವಾಯುವನ್ನು, ಎಂದರೆ ಈಗಿನ ಪಠ್ಯಪುಸ್ತಕಗಳು ಇಂಗಾಲದ ಡೈಆಕ್ಸೈಡ್ ಎಂದು ಕರೆಯುವ ವಾಯುವನ್ನು, ನೀರಿನಿಂದ ಹೀರಿ ತಮ್ಮ ದೇಹವನ್ನು ಕಟ್ಟಿಕೊಳ್ಳುತ್ತವೆ. ಜಗತ್ತಿನ ಸಮುದ್ರಗಳಲ್ಲಿ ಹೀಗೆ ವರ್ಷವೊಂದಕ್ಕೆ ಸುಮಾರು 5,000 ಕೋಟಿ ಟನ್ ಅಂಗಾರವು ಸಸ್ಯರೂಪವನ್ನು ತಾಳುವುದು. ನೆಲದ ಮೇಲಿನ ಅಡವಿ, ಗದ್ದೆ, ಹುಲ್ಲುಗಾವಲುಗಳೆಲ್ಲ ಸೇರಿ ಮಾಡುವ ಕೆಲಸಕ್ಕೆ ಇದು ಹೆಚ್ಚುಕಡಿಮೆ ಸಮಾನ. ಆದರೆ ಇದರ ಬಹುಭಾಗವು ಮೇಲಿನ ಪದರದಲ್ಲಿಯೇ ತಿನ್ನಲ್ಪಟ್ಟು, ಉಸಿರಿನ ಮೂಲಕ ಪುನಃ ವಾಯುವಾಗುತ್ತದೆ. ಹತ್ತರಲ್ಲೊಂದು ಪಾಲೋ ಐದರಲ್ಲೊಂದು ಪಾಲೋ ಮಾತ್ರ ಕೆಳಗಿಳಿಯುವುದು.

ಒಂಟಿ ಸಸ್ಯಕಣವೊಂದು ದಿನಕ್ಕೆ ಒಂದು ಮೀಟರು ಇಳಿದರೆ ಹೆಚ್ಚು. ಆ ಲೆಕ್ಕದಲ್ಲಿ 4,000 ಮೀಟರು ಆಳವನ್ನು ಮುಟ್ಟಲು ಹನ್ನೊಂದು ವರ್ಷಗಳು ಬೇಕು. ಅಷ್ಟರೊಳಗೆ ಅದು ಕೊಳೆತು ಕರಗಿಹೋಗುವುದು ನಿಶ್ಚಯ. ಆದಕಾರಣ ಆಳವನ್ನು ಸೇರಬೇಕಾದರೆ ಕಣಗಳು ಒಂದುಗೂಡಬೇಕು. ಅಡಿಗೆಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ನೀರಿನಲ್ಲಿ ಕದಡಿದ ಅಕ್ಕಿಹಿಟ್ಟು ತಿಳಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಅದೇ ಹಿಟ್ಟನ್ನು ಕಲಸಿ ಕಡಲೆಗಾತ್ರದ ಉಂಡೆ ಮಾಡಿ ಬಿಟ್ಟರೆ ಒಡನೆಯೇ ತಳ ಮುಟ್ಟುತ್ತದೆ. ಸಮುದ್ರದಲ್ಲಿ ಈ ಉಂಡೆ ಕಟ್ಟುವ ಕೆಲಸವನ್ನು ಲೋಳೆಯೂ, ಸಸ್ಯಗಳನ್ನು ತಿಂದು ಮಲವಾಗಿ ಬಿಡುವ ಪುಟ್ಟ ಜಂತುಗಳೂ ಮಾಡುತ್ತವೆ. ಸುಣ್ಣದ ಚಿಪ್ಪಾಗಲಿ ಮರುಭೂಮಿಯ ಧೂಳಾಗಲಿ ಸೇರಿಕೊಂಡರೆ ಭಾರವು ಇನ್ನಷ್ಟು ಹೆಚ್ಚುವುದು. ಇಂತಹ ತುಣುಕುಗಳು ದಿನಕ್ಕೆ 100 ಮೀಟರು ಇಳಿಯುವುದು ಸಾಮಾನ್ಯ.

ಇಳಿಯುವ ದಾರಿಯಲ್ಲಿಯೂ ತಿನ್ನುವವರಿಗೆ ಕೊರತೆಯಿಲ್ಲ. ಜಾನ್ ಮಾರ್ಟಿನ್ ಎಂಬವರೂ ಅವರ ಸಹೋದ್ಯೋಗಿಗಳೂ ಶಾಂತಸಾಗರದಲ್ಲಿ ಅಳೆದು 1987ರಲ್ಲಿ ಪ್ರಕಟಿಸಿದ ಸೂತ್ರದಂತೆ, 100 ಮೀಟರು ಆಳವನ್ನು ದಾಟಿದ ಅಂಗಾರವು 100 ಪಾಲಾದರೆ, 1,000 ಮೀಟರಿನಲ್ಲಿ ಉಳಿಯುವುದು ಸುಮಾರು 14 ಪಾಲು. 4,000 ಮೀಟರಿನಲ್ಲಿ 4 ಪಾಲು. ಎಷ್ಟು ಬೆಳೆಯಿತೆಂಬುದಕ್ಕಿಂತ ಎಷ್ಟು ಆಳದಲ್ಲಿ ಕೊಳೆಯಿತೆಂಬುದೇ ಇಲ್ಲಿ ಮುಖ್ಯವೆಂದು ನಮ್ಮ ಅಭಿಪ್ರಾಯ. ಮೇಲಿನ ಇನ್ನೂರು ಮುನ್ನೂರು ಮೀಟರುಗಳಲ್ಲಿ ಕೊಳೆತ ಅಂಗಾರವು ಕೆಲವು ವರ್ಷಗಳಲ್ಲಿಯೇ ಗಾಳಿಯನ್ನು ಸೇರಬಹುದು. ಅದು ಸಾಸಿವೆ ಡಬ್ಬಿಯಲ್ಲಿಟ್ಟ ಹಣದಂತೆ. ಸಾವಿರ ಮೀಟರಿನ ಕೆಳಗೆ ಕೊಳೆತುದಾದರೋ ಶತಮಾನಗಳ ಮುದ್ದತಿಗೆ ಇಟ್ಟ ಠೇವಣಿ.

ನಮ್ಮ ಅರಬ್ಬೀ ಸಮುದ್ರದಲ್ಲಿ ಇದನ್ನು ಅಳೆದ ವೃತ್ತಾಂತವು ಸ್ವಾರಸ್ಯವಾದುದು. ಗೋವೆಯಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದವರೊಡನೆ ಕೂಡಿ 1986ರಿಂದ ಇಲ್ಲಿ ದೊಡ್ಡ ಆಲಿಕೆಗಳನ್ನು ಆಳದಲ್ಲಿ ತೂಗಬಿಟ್ಟರು. ಆಲಿಕೆಯ ಕೆಳಗೆ ಬಟ್ಟಲುಗಳ ಒಂದು ಚಕ್ರ. ಗೊತ್ತಾದ ದಿನಗಳಿಗೊಮ್ಮೆ ಅದು ತಿರುಗಿ ಹೊಸ ಬಟ್ಟಲು ಬಾಯಿಗೆ ಬರುತ್ತದೆ. ತಿಂಗಳುಗಳು ಕಳೆದ ಮೇಲೆ ಮೇಲೆತ್ತಿದರೆ, ಯಾವಾಗ ಎಷ್ಟು ಹಿಮ ಬಿದ್ದಿತೆಂಬುದು ಪಂಚಾಂಗದಂತೆ ತಿಳಿಯುವುದು. ಜೂನ್ ತಿಂಗಳಲ್ಲಿ ನೈಋತ್ಯದ ಗಾಳಿಯು ಬಲಿತಾಗ ಅರೇಬಿಯ, ಸೊಮಾಲಿಯ ದೇಶಗಳ ಕರಾವಳಿಯಲ್ಲಿ ಸಾರವತ್ತಾದ ತಣ್ಣೀರು ಮೇಲಕ್ಕೇಳುತ್ತದೆ, ಸಸ್ಯಗಳು ಹುಲುಸಾಗುತ್ತವೆ, ಕೆಲವೇ ವಾರಗಳಲ್ಲಿ 3,000 ಮೀಟರು ಕೆಳಗಿನ ಬಟ್ಟಲುಗಳು ತುಂಬತೊಡಗುತ್ತವೆ. ಚಳಿಗಾಲದ ಈಶಾನ್ಯ ಮಾರುತದಲ್ಲಿಯೂ ಎರಡನೆಯ ಬೆಳೆಯುಂಟು. ನಮ್ಮ ಹೊಲಗಳಿಗೆ ಮಳೆ ತರುವ ಗಾಳಿಯೇ ಸೂರ್ಯನನ್ನು ಕಾಣದ ಆ ಕಗ್ಗತ್ತಲಿಗೂ ಋತುಗಳನ್ನು ಕಳುಹಿಸುತ್ತದೆ!

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ನಿವಾರಿಸಬೇಕು. ನಮ್ಮ ಕಾರ್ಖಾನೆ, ವಾಹನಗಳ ಹೊಗೆಯನ್ನು ಈ ಹಿಮವೇ ಹೊತ್ತೊಯ್ಯುತ್ತಿದೆಯೆಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ. ಆ ವಾಯುವಿನ ಸುಮಾರು ಕಾಲುಭಾಗವನ್ನು ಸಮುದ್ರವು ಹೀರುವುದು ನಿಜ. ಆದರೆ ಅದು ಮುಖ್ಯವಾಗಿ ನೀರಿನಲ್ಲಿ ಕರಗುವುದರಿಂದಲೇ ಆಗುವ ಕಾರ್ಯ. ಹಿಮವು ಅನಾದಿಯಿಂದ ಒಂದು ಹದದಲ್ಲಿ ಬೀಳುತ್ತ ಹಳೆಯ ಅಂಗಾರವನ್ನು ಆಳದಲ್ಲಿ ಹಿಡಿದಿಟ್ಟಿದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಂಗಾರಾಮ್ಲವಾಯು 280 ಪಾಲಿದ್ದಿತು. ಈಗ 420ನ್ನು ಮೀರಿದೆ. ಹಿಮವು ನಿಂತುಹೋದರೆ ಇದಕ್ಕೆ ಮತ್ತೆ 150ರಿಂದ 200 ಪಾಲು ಕೂಡೀತೆಂದು ಗಣಿತಜ್ಞರ ಎಣಿಕೆ. ಕಡಲು ಬಿಸಿಯಾದಂತೆಲ್ಲ ಮೇಲಿನ ನೀರು ಹಗುರಾಗಿ, ಕೆಳಗಿನ ಸಾರವು ಮೇಲೇರುವುದು ಕಷ್ಟವಾಗುವುದಾದ್ದರಿಂದ ಈ ಎಣಿಕೆ ಬರಿಯ ಕುತೂಹಲದ ಮಾತಾಗಿ ಉಳಿದಿಲ್ಲ.

ಹಾಗಾದರೆ ಸಸ್ಯಗಳನ್ನು ನಾವೇ ಬೆಳೆಯಿಸಬಾರದೇಕೆ? 2009ರಲ್ಲಿ ಗೋವೆಯ ಅದೇ ಸಂಸ್ಥೆಯವರೂ ಜರ್ಮನ್ ವಿಜ್ಞಾನಿಗಳೂ ದಕ್ಷಿಣ ಮಹಾಸಾಗರದಲ್ಲಿ ‘ಲೋಹಾಫೆಕ್ಸ್’ ಎಂಬ ಪ್ರಯೋಗವನ್ನು ನಡೆಯಿಸಿ, ಸುಮಾರು 300 ಚದರ ಕಿಲೋಮೀಟರು ನೀರಿಗೆ ಕಬ್ಬಿಣದ ಲವಣವನ್ನು ಗೊಬ್ಬರವಾಗಿ ಹಾಕಿದರು. ಸಸ್ಯಗಳೇನೋ ಬೆಳೆದವು. ಆದರೆ ಗಾಜಿನಂತಹ ಚಿಪ್ಪನ್ನು ಕಟ್ಟುವ ಡಯಾಟಮ್ ಜಾತಿಗೆ ಬೇಕಾದ ಸಿಲಿಕವು ಆ ನೀರಿನಲ್ಲಿರಲಿಲ್ಲ. ಬೆಳೆದವು ಚಿಪ್ಪಿಲ್ಲದ ಮೆದು ಜಾತಿಗಳು. ಸಿಗಡಿಯ ದಾಯಾದಿಗಳಾದ ಪುಟ್ಟ ಜಂತುಗಳು ಅವನ್ನು ಮೇಲೆಯೇ ಮೇಯ್ದುಬಿಟ್ಟವು; ಆ ಜಂತುಗಳನ್ನು ಇನ್ನೂ ದೊಡ್ಡ ಜಂತುಗಳು ಹಿಡಿದು ತಿಂದವು. ಆಳಕ್ಕೆ ಇಳಿದ ಅಂಗಾರವು ಅತ್ಯಲ್ಪ.