ಎಣ್ಣೆಬಟ್ಟೆ ಹೊಲಿಯುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಮೇಜಿನ ಹಾಸು, ಸಂತೆಚೀಲ, ಬುತ್ತಿಚೀಲ, ಪಾತ್ರೆ ತೊಳೆಯುವಾಗ ತೊಡುವ ಏಪ್ರನ್, ಕೂಸಿನ ಹಾಸಿಗೆಯ ಕೆಳಹಾಸು: ಇವೆಲ್ಲವನ್ನೂ ಎಣ್ಣೆಬಟ್ಟೆಯಲ್ಲಿ ಮನೆಯಲ್ಲೇ ಹೊಲಿಯಬಹುದು. ಆದರೆ ಹತ್ತಿಬಟ್ಟೆಯ ಅಭ್ಯಾಸವನ್ನೇ ಇಲ್ಲಿಗೂ ತಂದರೆ ಬಟ್ಟೆಯೂ ಹಾಳು, ದುಡ್ಡೂ ಹಾಳು. ಈ ಬಟ್ಟೆಯಲ್ಲಿ ಸೂಜಿ ಒಮ್ಮೆ ಮಾಡಿದ ತೂತು ಮತ್ತೆ ಮುಚ್ಚುವುದಿಲ್ಲ. ಹೊಲಿದು ಬಿಚ್ಚಿ ಸರಿಮಾಡಿಕೊಳ್ಳುತ್ತೇನೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಮೊದಲು ಕೈಯಲ್ಲಿರುವುದು ಏನೆಂದು ತಿಳಿದುಕೊಳ್ಳಿ. ಹಳೆಯ ಕಾಲದ ಎಣ್ಣೆಬಟ್ಟೆ ಎಂದರೆ ಹತ್ತಿಯ ಇಲ್ಲವೇ ಲಿನನ್ ಬಟ್ಟೆಗೆ ಕಾಯಿಸಿದ ಅಗಸೆ ಎಣ್ಣೆ ಬಳಿದು ಒಣಗಿಸಿದ್ದು. ಈಗ ಅಂಗಡಿಯಲ್ಲಿ ಆಯಿಲ್ ಕ್ಲಾತ್ ಎಂದು ಅಳೆದುಕೊಡುವುದು ಬಹುಮಟ್ಟಿಗೆ ಪಿವಿಸಿ ಪದರ ಹಚ್ಚಿದ ಬಟ್ಟೆ. ಕೊಳ್ಳುವಾಗ ಒಂದು ಮೂಲೆಯನ್ನು ಮಡಚಿ ಉಗುರಿನಿಂದ ಒತ್ತಿ ನೋಡಿ. ಬಿಳಿಯ ಗೆರೆ ಉಳಿದರೆ ಬಟ್ಟೆ ಬಿರುಸಾಗಿದೆ, ಬೇಗ ಬಿರುಕು ಬಿಡುತ್ತದೆ, ಬೇಡ. ಮನೆಗೆ ತಂದಮೇಲೆ ಸುರುಳಿ ಸುತ್ತಿಯೇ ಇಡಿ. ಮಡಚಿ ಕಪಾಟಿಗೆ ತುರುಕಬೇಡಿ.

ಅಗಸೆ ಎಣ್ಣೆ ಬಳಿದು ನೀವೇ ಮಾಡಿಕೊಳ್ಳುವಿರಾದರೆ ಈ ಮಾತನ್ನು ಎರಡು ಸಲ ಓದಿ. ಅಗಸೆ ಎಣ್ಣೆ ಒಣಗುವುದು ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು. ಹಾಗೆ ಹೀರಿಕೊಳ್ಳುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಬಿಸಿ ಹೊರಹೋಗಲಾರದೆ, ಕಡ್ಡಿ ಗೀರದೆಯೂ ಬೆಂಕಿ ಹತ್ತಿಕೊಳ್ಳಬಹುದು. ಚಿಂದಿಯನ್ನು ಹೊರಗೆ ಬಿಡಿಸಿ ಹರವಿ ಪೂರಾ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಬೇಕು. ಬಣ್ಣದಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ಅದು ಅಡುಗೆಯ ಅಗಸೆ ಎಣ್ಣೆಯಲ್ಲ. ಅಡುಗೆಮನೆಯಲ್ಲಿ ಇಡಲೇಕೂಡದು.

ಕತ್ತರಿಸುವಾಗ ಬಟ್ಟೆ ಒಂದೇ ಪದರ ಇರಲಿ. ಗುರುತನ್ನು ಹಿಂಬದಿಗೆ ಸೀಮೆಸುಣ್ಣದಿಂದ ಮಾತ್ರ ಹಾಕಿ. ಬಾಲ್ ಪೆನ್ ಬೇಡ, ಅದರ ಶಾಯಿ ಪಿವಿಸಿಯೊಳಗೆ ಇಳಿದರೆ ಹೋಗುವುದಿಲ್ಲ. ಗುಂಡುಸೂಜಿ ಚುಚ್ಚಕೂಡದು. ಬಟ್ಟೆ ಒಣಹಾಕುವ ಕ್ಲಿಪ್ ಸಾಕು.

ಸೂಜಿ 14 ಅಥವಾ 16ನೇ ನಂಬರಿನದು ಇರಲಿ, ದಾರ ಪಾಲಿಯೆಸ್ಟರ್ ಆಗಿರಲಿ. ಹೊಲಿಗೆ ಉದ್ದವಾಗಿರಬೇಕು, ಇಂಚಿಗೆ 7 ಅಥವಾ 8. ರವಿಕೆಗೆ ಹಾಕುವಂತೆ 12 ಹಾಕಿದರೆ ಒತ್ತೊತ್ತಾಗಿ ಬಿದ್ದ ತೂತುಗಳ ಗುಂಟ ಬಟ್ಟೆ ಅಂಚೆಚೀಟಿಯ ಹಾಳೆಯಂತೆ ಹರಿದುಬರುತ್ತದೆ. ಕೊನೆಯಲ್ಲಿ ಹಿಂದುಮುಂದು ಹೊಲಿದು ಗಟ್ಟಿಮಾಡಬೇಡಿ, ದಾರ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಿ. ನುಣುಪು ಮೇಲ್ಮೈ ಮಷಿನ್ನಿನ ಪಾದಕ್ಕೆ ಅಂಟಿ ಮುಂದೆ ಸರಿಯದಿದ್ದರೆ ಎಳೆದಾಡಬೇಡಿ. ತೆಳು ಬೆಣ್ಣೆಕಾಗದದ ಪಟ್ಟಿ ಮೇಲಿಟ್ಟು ಹೊಲಿದು, ಆಮೇಲೆ ಹರಿದು ತೆಗೆಯಿರಿ. ಇದು ನಿಜಕ್ಕೂ ಚೆನ್ನಾದ ಉಪಾಯ. ದಪ್ಪ ರೆಕ್ಸಿನ್ನನ್ನು ಮನೆಯ ಮಷಿನ್ನಿಗೆ ಕೊಡಬೇಡಿ. ಚೀಲ ಹೊಲಿಯುವವರ ಬಳಿ ಅದಕ್ಕೆ ಬೇರೆ ಮಷಿನ್ ಇರುತ್ತದೆ.

ಚೀಲದ ತಳದಲ್ಲಿ ಹೊಲಿಗೆ ಬರದಂತೆ ಒಂದೇ ತುಂಡಿನಲ್ಲಿ ಕತ್ತರಿಸಿ, ಎರಡು ಪಕ್ಕ ಮಾತ್ರ ಹೊಲಿಯಿರಿ. ನೀರು ಸೋರುವುದು ಹೊಲಿಗೆಯ ತೂತಿನಿಂದಲೇ. ಬುತ್ತಿಚೀಲದಲ್ಲಿ ಊಟ ಡಬ್ಬಿಯೊಳಗೇ ಇರಬೇಕು. ಬಿಸಿ ರೊಟ್ಟಿ, ಎಣ್ಣೆ ಸೋಕಿದ ಹೋಳಿಗೆ ನೇರವಾಗಿ ಈ ಬಟ್ಟೆಗೆ ತಾಗಕೂಡದು.

ಮಕ್ಕಳ ವಿಷಯದಲ್ಲಿ ಸಡಿಲಿಕೆ ಇಲ್ಲವೇ ಇಲ್ಲ. ಪಿವಿಸಿಯನ್ನು ಮೆದುಗೊಳಿಸಲು ಥ್ಯಾಲೇಟ್ ಎಂಬ ರಾಸಾಯನಿಕಗಳನ್ನು ಬೆರೆಸುವುದುಂಟು. ಆಟಿಕೆ ಮತ್ತು ಶಿಶುಗಳ ಸಾಮಾನಿನಲ್ಲಿ ಇವುಗಳಲ್ಲಿ ಕೆಲವು ಶೇ 0.1ಕ್ಕಿಂತ ಹೆಚ್ಚಿರಬಾರದೆಂದು ಅಮೆರಿಕ 2008ರಲ್ಲೇ ಕಾನೂನು ಮಾಡಿತು. ಮೇಜಿಗೆಂದು ತಯಾರಾದ ಬಟ್ಟೆಯನ್ನು ಮಗು ಚೀಪುತ್ತದೆಂದು ಯಾರೂ ಪರೀಕ್ಷಿಸಿರುವುದಿಲ್ಲ. ವಾಸನೆ ಇಲ್ಲದ ಮಾತ್ರಕ್ಕೆ ಅದು ಸುರಕ್ಷಿತ ಎನ್ನಲೂ ಬಾರದು. ಆದ್ದರಿಂದ ಕೂಸಿನ ಜೊಲ್ಲುಬಟ್ಟೆಯನ್ನು ಇದರಲ್ಲಿ ಹೊಲಿಯಬೇಡಿ, ಎರಡು ಪದರದ ಹತ್ತಿಬಟ್ಟೆಯಲ್ಲಿ ಹೊಲಿಯಿರಿ. ಕಟ್ಟುವ ಲಾಡಿಯೂ ಬೇಡ, ಎಳೆದರೆ ತಾನೇ ಬಿಚ್ಚಿಕೊಳ್ಳುವ ವೆಲ್ಕ್ರೋ ಇರಲಿ. ಮಲಗಿಸುವಾಗ ತೆಗೆದುಬಿಡಿ. ಕೆಳಹಾಸನ್ನು ಎಣ್ಣೆಬಟ್ಟೆಯಲ್ಲಿ ಮಾಡಬಹುದು. ಆದರೆ ಅದನ್ನು ಹಾಸಿಗೆಯ ಕೆಳಗೆ ನಾಲ್ಕೂ ಕಡೆ ಬಿಗಿಯಾಗಿ ಸಿಕ್ಕಿಸಿ, ಮೇಲೆ ಹತ್ತಿಯ ಹಾಸು ಹಾಕಲೇಬೇಕು. ಸಡಿಲವಾದ ತುಂಡು ಮಗುವಿನ ಮೂಗುಬಾಯಿ ಮುಚ್ಚಿದರೆ ಉಸಿರಾಡಲು ಎಡೆ ಇರುವುದಿಲ್ಲ. ತಲೆದಿಂಬಿನ ಹೊದಿಕೆ ಮಾಡುವುದಂತೂ ಬೇಡವೇ ಬೇಡ.

ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಮೇಜಿನ ಹಾಸು ಅಂಚಿನಿಂದ ಕೆಳಗೆ ಇಳಿಬೀಳದಿರಲಿ. ಮಗು ಹಾಸನ್ನು ಜಗ್ಗಿದರೆ ಸಾರಿನ ಪಾತ್ರೆ ಅದರ ಮೇಲೇ ಬೀಳುತ್ತದೆ.

ಕುಕ್ಕರ್, ಬಾಣಲೆಯನ್ನು ಒಲೆಯಿಂದಿಳಿಸಿ ನೇರ ಇದರ ಮೇಲಿಡಕೂಡದು, ಪದರ ಕರಗಿ ಅಂಟುತ್ತದೆ. ಇಸ್ತ್ರಿ ಕೂಡದು. ಈ ಏಪ್ರನ್ ತೊಟ್ಟು ಒಗ್ಗರಣೆ ಹಾಕಬೇಡಿ, ಒಲೆಯ ಮುಂದೆ ಹತ್ತಿಯದೇ ಸರಿ. ವಾಷಿಂಗ್ ಮಷಿನ್ನಿಗೂ ಹಾಕಬೇಡಿ, ಸೋಪುನೀರಿನ ಬಟ್ಟೆಯಿಂದ ಒರೆಸಿ. ಥಿನ್ನರ್ ಅಥವಾ ಉಗುರುಬಣ್ಣ ತೆಗೆಯುವ ದ್ರವ ಸೋಕಿದರೆ ಮೇಲ್ಮೈ ಕೆಡುತ್ತದೆ. ಅರಿಸಿನ ಚೆಲ್ಲಿದರೆ ಕೂಡಲೇ ಒರೆಸಿ. ಕಲೆ ಉಳಿದರೂ ಗಾಬರಿ ಬೇಡ, ಅರಿಸಿನದ ಬಣ್ಣ ಬಿಸಿಲಿಗೆ ಮಾಸುತ್ತದೆ, ಸ್ವಲ್ಪ ಹೊತ್ತು ಬಿಸಿಲಿಗಿಡಿ. ದಿನಗಟ್ಟಲೆ ಬಿಡಬೇಡಿ, ಬಟ್ಟೆ ಬಿರುಸಾಗುತ್ತದೆ.

ಉಳಿದ ತುಂಡುಗಳನ್ನು ಬಚ್ಚಲೊಲೆಗೆ ಹಾಕುವ ರೂಢಿ ಹಲವು ಮನೆಗಳಲ್ಲಿದೆ. ಈ ಬಟ್ಟೆಗೆ ಅದು ಸಲ್ಲದು. ಪಿವಿಸಿ ಉರಿದರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಕಣ್ಣು ಗಂಟಲು ಸುಡುತ್ತದೆ, ಡಯಾಕ್ಸಿನ್‌ನಂಥ ವಿಷಗಳೂ ಹುಟ್ಟುತ್ತವೆ. ದೊಡ್ಡ ತುಂಡುಗಳನ್ನು ಎಣ್ಣೆಡಬ್ಬಿಯ ಕೆಳಗೆ, ಕಪಾಟಿನ ಹಲಗೆಗೆ, ಹೂಕುಂಡದಡಿಗೆ ಹಾಸಿ. ಚೂರುಗಳನ್ನು ಒಣಕಸಕ್ಕೆ ಕೊಡಿ.