ದಾದಿಯರ ಶಿಕ್ಷಣದಲ್ಲಿ ನಿರ್ಗಮನ ಪರೀಕ್ಷೆಯ ಸ್ಥಾನ

ರೋಗಿಯ ಪ್ರಾಣವು ವೈದ್ಯರ ಕೈಯಲ್ಲಿರುವಷ್ಟೇ ದಾದಿಯ ಎಚ್ಚರದಲ್ಲಿಯೂ ಇರುತ್ತದೆ. ಆದುದರಿಂದ ಆ ವೃತ್ತಿಗೆ ಕಾಲಿಡುವವರ ಯೋಗ್ಯತೆಯನ್ನು ಪರೀಕ್ಷಿಸಿಯೇ ಅನುಮತಿ ನೀಡುವುದು ಉಚಿತ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪದವಿ ಪಡೆದ ಮಾತ್ರಕ್ಕೆ ಯಾರೂ ನೋಂದಾಯಿತ ದಾದಿಯಾಗಲಾರರು. 'ಎನ್‌ಕ್ಲೆಕ್ಸ್' ಎಂಬ ಲೈಸೆನ್ಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಭಾರತದಿಂದ ಅಲ್ಲಿಗೆ ಹೋಗಿ ದುಡಿಯಬಯಸುವ ದಾದಿಯರಿಗೂ ಈ ನಿಯಮ ತಪ್ಪಿದ್ದಲ್ಲ.

1994ರಿಂದ ಈ ಪರೀಕ್ಷೆಯು ಗಣಕಯಂತ್ರದ ಮೂಲಕ ನಡೆಯುತ್ತಿದೆ. ಅಭ್ಯರ್ಥಿಯ ಉತ್ತರಗಳನ್ನು ಅನುಸರಿಸಿ ಮುಂದಿನ ಪ್ರಶ್ನೆಯು ಕಠಿಣವೋ ಸುಲಭವೋ ಆಗುತ್ತದೆ. 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಕ್ರಮದಂತೆ ಪ್ರಶ್ನೆಗಳು ಕನಿಷ್ಠ 85, ಗರಿಷ್ಠ 150. ಸಾಮರ್ಥ್ಯವು ನಿಗದಿತ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದು ಶೇಕಡ 95ರಷ್ಟು ಖಚಿತವಾದರೆ, ಕನಿಷ್ಠ ಸಂಖ್ಯೆಯನ್ನು ಮುಗಿಸಿದ ಬಳಿಕ ಯಂತ್ರವು ಪರೀಕ್ಷೆಯನ್ನು ನಿಲ್ಲಿಸುತ್ತದೆ.

ಮೊದಲ ಪ್ರಯತ್ನದಲ್ಲಿಯೇ ತೇರ್ಗಡೆಯಾದವರ ಪ್ರಮಾಣವನ್ನು ನೋಡಿ ಅಲ್ಲಿನ ರಾಜ್ಯಗಳ ಶುಶ್ರೂಷಾ ಮಂಡಲಿಗಳು ಶಾಲೆಗಳ ಗುಣಮಟ್ಟವನ್ನು ತೂಗುತ್ತವೆ. ಪ್ರಮಾಣವು ಸತತವಾಗಿ ಕುಸಿದರೆ ಶಾಲೆಯ ಮಾನ್ಯತೆಗೇ ಕುತ್ತು ಬರಬಹುದು. ಆದಕಾರಣ ಅನೇಕ ಶಾಲೆಗಳು ವ್ಯಾಸಂಗದ ಕೊನೆಯಲ್ಲಿ ನಿರ್ಗಮನ ಪರೀಕ್ಷೆಯೊಂದನ್ನು ನಡೆಸತೊಡಗಿದವು. ಅವುಗಳಲ್ಲಿ 'ಹೆಸಿ' ಎಂಬುದು ಪ್ರಸಿದ್ಧ. ಅದರಲ್ಲಿ 850 ಅಂಕಗಳನ್ನು ಹಲವು ಶಾಲೆಗಳು ಗೆರೆಯಾಗಿ ಇರಿಸಿಕೊಂಡವು. ಗೆರೆ ದಾಟದವರ ಪದವಿಯನ್ನು ಕೆಲವೆಡೆ ತಡೆಹಿಡಿದುದೂ ಉಂಟು.

ಇಂತಹ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವರು ಲೈಸೆನ್ಸ್ ಪರೀಕ್ಷೆಯಲ್ಲಿಯೂ ಬಹುಮಟ್ಟಿಗೆ ತೇರ್ಗಡೆಯಾಗುತ್ತಾರೆ. ಆದರೆ ಕಡಿಮೆ ಅಂಕ ಪಡೆದವರೆಲ್ಲ ಅನುತ್ತೀರ್ಣರಾಗುತ್ತಾರೆಂದು ಹೇಳಲಾಗದು. ಅವರಲ್ಲಿಯೂ ಅನೇಕರು ತೇರ್ಗಡೆಯಾಗುತ್ತಾರೆ. ಉದಾಹರಣೆಗಾಗಿ ನೂರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳೋಣ. ಗೆರೆ ದಾಟಿದ 85 ಮಂದಿಯಲ್ಲಿ 83 ಮಂದಿ, ದಾಟದ 15 ಮಂದಿಯಲ್ಲಿ 9 ಮಂದಿ ಲೈಸೆನ್ಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಬಲ್ಲರೆನ್ನೋಣ. ಎಲ್ಲರನ್ನೂ ಕಳುಹಿಸಿದರೆ ಫಲಿತಾಂಶ ಶೇಕಡ 92. ಹದಿನೈದು ಮಂದಿಯನ್ನು ತಡೆದರೆ ಅದು ಸುಮಾರು 98ಕ್ಕೆ ಏರುತ್ತದೆ. ಶಾಲೆಯ ಕೀರ್ತಿ ಬೆಳೆಯಿತು, ನಿಜ. ಆದರೆ ಒಬ್ಬರಾದರೂ ಹೆಚ್ಚು ಕಲಿತಿಲ್ಲ. ಯೋಗ್ಯರಾದ ಒಂಬತ್ತು ಮಂದಿ ವರ್ಷಗಳ ಶ್ರಮವನ್ನೂ ತಂದೆತಾಯಿಗಳು ಸಾಲ ಮಾಡಿ ತಂದ ಹಣವನ್ನೂ ಕಳೆದುಕೊಂಡು ಬಾಗಿಲಲ್ಲಿಯೇ ನಿಂತರು.

ಹಾಗೆಂದು ನಿರ್ಗಮನ ಪರೀಕ್ಷೆಯು ನಿರರ್ಥಕವಲ್ಲ. ಔಷಧಶಾಸ್ತ್ರದಲ್ಲಿ ದುರ್ಬಲರಾರು, ಶಿಶುಪಾಲನೆಯಲ್ಲಿ ಹಿಂದುಳಿದವರಾರು ಎಂಬುದನ್ನು ಅದು ವಿಷಯವಾರು ತೋರಿಸಿಕೊಡುತ್ತದೆ. ಅದನ್ನು ಅಂತಿಮ ವಾರದವರೆಗೆ ಕಾದಿರಿಸದೆ, ತಿದ್ದಲು ಅವಕಾಶವಿರುವಾಗಲೇ ನಡೆಸಿ, ಕೊರತೆಯನ್ನು ಮರುಬೋಧನೆಯಿಂದ ತುಂಬಿದರೆ ಪರೀಕ್ಷೆ ಸಾರ್ಥಕವಾಗುತ್ತದೆ. ವಿದ್ಯಾರ್ಥಿಯ ಭವಿಷ್ಯವನ್ನು ಒಂದೇ ಅಂಕದಿಂದ ನಿರ್ಣಯಿಸದೆ ಹಲವು ಆಧಾರಗಳನ್ನು ಪರಿಗಣಿಸಬೇಕೆಂದು ಅಮೆರಿಕದ ರಾಷ್ಟ್ರೀಯ ಶುಶ್ರೂಷಾ ಶಿಕ್ಷಣ ಸಂಘವು 2012ರಲ್ಲಿ ಪ್ರಕಟಿಸಿದ ಮಾರ್ಗಸೂತ್ರಗಳೂ ಇದನ್ನೇ ಸಮರ್ಥಿಸುತ್ತವೆ.

ಫಲಿತಾಂಶದ ಪ್ರಮಾಣವನ್ನು ಹೆಮ್ಮೆಯಿಂದ ಸಾರುವ ಎಲ್ಲ ವಿದ್ಯಾಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಕಡಿಮೆ ಅಂಕವು ವಿದ್ಯಾರ್ಥಿಯ ಮೇಲಿನ ತೀರ್ಪಲ್ಲ. ಅಧ್ಯಾಪಕರಿಗೆ ಉಳಿದಿರುವ ಕೆಲಸದ ಸೂಚನೆ.