ಕೇಳಿಸಿದ್ದೆಲ್ಲ ದೇವರ ಸ್ವರವೇ?

ಪ್ರಶ್ನೆ: ಅಯ್ಯನವರೇ, ನಾನು ಸ್ಟಾಫ್ ನರ್ಸ್. ಐರ್ಲೆಂಡಿನ ಆಸ್ಪತ್ರೆಯೊಂದರಿಂದ ಕೆಲಸಕ್ಕೆ ಕರೆ ಬಂದಿದೆ. ಊರಲ್ಲಿ ಅಮ್ಮ ಒಬ್ಬರೇ. ದೇವರ ಚಿತ್ತ ತಿಳಿಯಲೆಂದು ಪ್ರಾರ್ಥಿಸಿ, ಕಣ್ಣು ಮುಚ್ಚಿಕೊಂಡು ಸತ್ಯವೇದ ತೆರೆದೆ. ಸ್ವದೇಶ ಬಿಟ್ಟು ಹೊರಡುವಂತೆ ಅಬ್ರಹಾಮನಿಗೆ ಅಪ್ಪಣೆಯಾದ ಭಾಗ ಬಂತು. ಖುಷಿಯಾಯಿತು. ಮರುದಿನ ಖಾತ್ರಿಗೆಂದು ಮತ್ತೆ ತೆರೆದರೆ ಯೆರೆಮೀಯನ 42ನೇ ಅಧ್ಯಾಯ, ಈ ದೇಶದಲ್ಲೇ ಉಳಿಯಿರಿ ಎಂಬ ಅರ್ಥದ ಮಾತು! ಇದರಲ್ಲಿ ದೇವರ ಸ್ವರ ಯಾವುದು?
– ಓದುಗಿ, ಮಂಗಳೂರು

ಉತ್ತರ: ಮೂರನೇ ಸಲ ತೆರೆಯದೆ ಪತ್ರ ಬರೆದಿರಲ್ಲ, ಒಳ್ಳೆಯದಾಯಿತು. ಎರಡನೇ ದಿನ ಸಿಕ್ಕ ಅಧ್ಯಾಯವನ್ನು ಒಂದೇ ವಚನಕ್ಕೆ ನಿಲ್ಲಿಸದೆ ಪೂರ್ತಿ ಓದಿ. ಯೆರೂಸಲೇಮ್ ಬಾಬಿಲೋನಿನವರ ಪಾಲಾಗಿದೆ. ಅಳಿದುಳಿದವರು ಕಾರೇಹನ ಮಗ ಯೋಹಾನಾನನ ಹಿಂದೆ ಐಗುಪ್ತಕ್ಕೆ ಹೊರಟು ಬೇತ್ಲೆಹೇಮಿನ ಹತ್ತಿರ ತಂಗಿದ್ದಾರೆ. ಅಲ್ಲಿಂದ ಯೆರೆಮೀಯನ ಬಳಿ ಬಂದು, ದೇವರನ್ನು ಕೇಳಿ ಹೇಳು, ಉತ್ತರ ಏನೇ ಬಂದರೂ ಅದರಂತೆ ನಡೆಯುತ್ತೇವೆ ಎಂದು ಆಣೆ ಇಡುತ್ತಾರೆ. ಉತ್ತರ ಬಂದದ್ದು ಹತ್ತು ದಿನದ ಮೇಲೆ. ಯೆರೆಮೀಯನಂಥ ಪ್ರವಾದಿಯೇ ಹತ್ತು ದಿನ ಕಾಯಬೇಕಾಯಿತು! ಹೋಗಬೇಡಿ ಎಂಬ ಉತ್ತರ ಕೇಳಿದ್ದೇ ತಡ, ಅವನನ್ನು ಸುಳ್ಳುಗಾರ ಎಂದು ಜರೆದು ಐಗುಪ್ತಕ್ಕೆ ಹೋದರು, ಅವನನ್ನೂ ಕರೆದೊಯ್ದರು. ಗಂಟುಮೂಟೆ ಕಟ್ಟಿಟ್ಟೇ ಕೇಳಲು ಬಂದಿದ್ದ ಜನ ಅವರು.

ನಿಮ್ಮ ಗಂಟುಮೂಟೆ ಹೇಗಿದೆ? ಅಬ್ರಹಾಮನ ವಚನ ಬಂದಾಗ ಖುಷಿಯಾಯಿತು ಎಂದು ನೀವೇ ಬರೆದಿದ್ದೀರಿ. ಮನಸ್ಸು ಹೊರಡುವ ಕಡೆಗೇ ವಾಲಿದ್ದರೆ ಅದನ್ನು ದೇವರ ಮುಂದೆ ಬಾಯಿಬಿಟ್ಟು ಹೇಳಿಬಿಡಿ. ಆಸೆ ಪಡುವುದು ಪಾಪವಲ್ಲ. ಬಚ್ಚಿಟ್ಟ ಆಸೆಯದ್ದೇ ತೊಂದರೆ, ಯಾವ ವಚನ ಸಿಕ್ಕರೂ ಅದರ ಬಾಯಲ್ಲಿ ತನ್ನ ಮಾತನ್ನೇ ಆಡಿಸುತ್ತದೆ.

ಅಗಸ್ಟೀನನೂ ಹೀಗೇ ತೆರೆದು ಓದಲಿಲ್ಲವೇ ಎಂದು ವಾದಿಸುವವರಿದ್ದಾರೆ. ನಿಜ, 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಮಗುವಿನದೆಂಬಂಥ ದನಿ ಕೇಳಿ ಪೌಲನ ಪತ್ರಿಕೆಗಳನ್ನು ತೆರೆದ. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೇ ಅಧ್ಯಾಯ ಕಣ್ಣಿಗೆ ಬಿತ್ತು. ಆದರೆ ಅಷ್ಟರಲ್ಲಿ ಅವನು ಬಿಷಪ್ ಅಂಬ್ರೋಸನ ಪ್ರಸಂಗ ಕೇಳುತ್ತ, ಪೌಲನನ್ನು ಓದುತ್ತ ಬಹುಕಾಲ ತೊಳಲಾಡಿದ್ದ. ಆ ವಚನ ಅವನಿಗೆ ಯಾವ ಊರಿಗೆ ಹೋಗಬೇಕೆಂದು ಹೇಳಲಿಲ್ಲ. ಬಿಡಬೇಕೆಂದು ಗೊತ್ತಿದ್ದೂ ಬಿಡಲಾಗದೆ ಇದ್ದ ಬಾಳಿನಿಂದ ಎಬ್ಬಿಸಿತು, ಅಷ್ಟೇ.

ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರದವರು ಲೊಯೋಲಾದ ಇಗ್ನೇಷಿಯಸ್. (ಅವರು ಕಥೋಲಿಕರ ಸಂತರು, ನಾನು ಸಿಎಸ್‌ಐ ಸಭೆಯವನು. ಒಳ್ಳೆಯದನ್ನು ಪಕ್ಕದ ಮನೆಯಿಂದ ಎರವಲು ತರಲು ನನಗೆ ನಾಚಿಕೆಯಿಲ್ಲ.) 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು, ಕಾಲು ಮುರಿದು ಮಲಗಿದ್ದಾಗ ಅವರಿಗೆ ಎರಡು ಬಗೆಯ ಹಗಲುಗನಸು ಬೀಳುತ್ತಿತ್ತು. ಒಂದು, ದೊಡ್ಡ ಮನೆತನದ ಹೆಣ್ಣೊಬ್ಬಳ ಮನಸ್ಸು ಗೆಲ್ಲುವುದು. ಇನ್ನೊಂದು, ಸಂತರ ಹಾಗೆ ಬದುಕುವುದು. ಕಾಣುವಾಗ ಎರಡೂ ಸುಖವೇ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಬರಡು ಮಾಡಿ ಹೋಗುತ್ತಿತ್ತು, ಎರಡನೆಯದರ ಸಂತೋಷ ಆಮೇಲೂ ಉಳಿಯುತ್ತಿತ್ತು. ಈ ವ್ಯತ್ಯಾಸ ಗಮನಿಸಿದ್ದರಿಂದಲೇ ಅವರ ಆತ್ಮಪರೀಕ್ಷೆಯ ಪಾಠಗಳೆಲ್ಲ ಶುರುವಾದವು.

ನೀವೂ ಮಾಡಿ ನೋಡಿ. ಮೂರು ದಿನ, ಹೋಗುವುದೇ ಖಾಯಂ ಎಂಬಂತೆ ಇರಿ. ಅಮ್ಮನ ಬಿಪಿ ಮಾತ್ರೆ ಯಾರು ತಂದುಕೊಡುತ್ತಾರೆ, ಏಜೆನ್ಸಿಗೆ ಎಷ್ಟು ಕಟ್ಟಬೇಕು, ಆ ಚಳಿಯಲ್ಲಿ ನೈಟ್ ಡ್ಯೂಟಿ ಹೇಗೆ, ಎಲ್ಲ ಯೋಚಿಸಿ. ಮಲಗುವ ಮುಂಚೆ ಮನಸ್ಸು ಹೇಗಿದೆಯೆಂದು ಎರಡು ಸಾಲು ಬರೆದಿಡಿ. ಆಮೇಲೆ ಮೂರು ದಿನ, ನಿಲ್ಲುವುದೇ ಖಾಯಂ ಎಂಬಂತೆ. ಬೇಸರ ಕವಿದ ದಿನ ಮಾತ್ರ ತೀರ್ಮಾನ ಬದಲಿಸಬೇಡಿ, ಇದು ಇಗ್ನೇಷಿಯಸ್ ಅವರೇ ಕೊಟ್ಟ ಎಚ್ಚರಿಕೆ. ಅವರದೇ ಇನ್ನೊಂದು ಉಪಾಯವಿದೆ: ಮುಖ ಪರಿಚಯವೂ ಇಲ್ಲದ ಒಬ್ಬ ನರ್ಸ್ ಇದೇ ಸಂಗತಿ ಹೇಳಿಕೊಂಡು ಬಂದಿದ್ದರೆ ನೀವು ಏನು ಹೇಳುತ್ತಿದ್ದಿರಿ? ಅಂದಹಾಗೆ, ಅಮ್ಮನನ್ನು ಕೇಳಿದಿರಾ? ಇಷ್ಟುದ್ದದ ಪತ್ರದಲ್ಲಿ ಅವರ ಮಾತು ಒಂದೂ ಇಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ ನಡೆಸುವ ಬ್ರದರ್ ಒಬ್ಬರು, ನನ್ನ ಮಗಳನ್ನು ತಮ್ಮ ಪರಿಚಯದ ಹುಡುಗನಿಗೆ ಕೊಡಬೇಕೆಂದು ಕರ್ತನು ತೋರಿಸಿದ್ದಾನೆ, ಈ ತಿಂಗಳೊಳಗೆ ಒಪ್ಪದಿದ್ದರೆ ಮನೆಗೆ ಆಪತ್ತು ಎನ್ನುತ್ತಿದ್ದಾರೆ. ಮಗಳು ಬೇಡ ಎನ್ನುತ್ತಾಳೆ. ಒಪ್ಪದಿದ್ದರೆ ದೇವರಿಗೆ ಎದುರಾಡಿದ ಹಾಗಾಗುತ್ತದೆಯೇ?
– ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಖಂಡಿತ ಇಲ್ಲ. ಬಾಳ್ವೆ ಮಾಡಬೇಕಾದವಳು ಮಗಳು. ಅವಳೂ ಪ್ರಾರ್ಥಿಸುತ್ತಾಳೆ, ಅವಳಿಗೂ ಕಿವಿಯಿದೆ. ಅವಳ ಮದುವೆಯ ಸುದ್ದಿಯನ್ನು ದೇವರು ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಹೇಳುತ್ತಾನೆಯೇ?

1 ಅರಸುಗಳು 13ನೇ ಅಧ್ಯಾಯ ಓದಿ. ಬೇತೇಲಿನಲ್ಲಿ ಅನ್ನ ನೀರು ಮುಟ್ಟಬಾರದು, ಬಂದ ದಾರಿಯಲ್ಲಿ ಹಿಂತಿರುಗಬಾರದು ಎಂಬ ಅಪ್ಪಣೆ ಹೊತ್ತು ಯೆಹೂದದಿಂದ ಒಬ್ಬ ದೇವರ ಮನುಷ್ಯ ಬಂದಿದ್ದ. ಅರಸನು ಊಟಕ್ಕೆ ಕರೆದರೂ ಒಪ್ಪಲಿಲ್ಲ. ಆ ಊರಿನ ಮುದಿ ಪ್ರವಾದಿಯೊಬ್ಬ ದಾರಿಯಲ್ಲಿ ಅವನನ್ನು ಹಿಡಿದು, ನಿನ್ನನ್ನು ಕರೆತರಲು ದೇವದೂತನೇ ನನಗೆ ಹೇಳಿದ್ದಾನೆ ಎಂದು ಸುಳ್ಳು ಹೇಳಿದ. ಅರಸನಿಗೆ ಬಗ್ಗದವನು ದೇವದೂತನ ಹೆಸರಿಗೆ ಬಗ್ಗಿದ. ಉಂಡು ಹೊರಟವನನ್ನು ಹಾದಿಯಲ್ಲಿ ಸಿಂಹ ಕೊಂದಿತು. ಹೆಣದ ಪಕ್ಕದಲ್ಲಿ ಕತ್ತೆ ಒಂದು ಕಡೆ, ಸಿಂಹ ಇನ್ನೊಂದು ಕಡೆ ಸುಮ್ಮನೆ ನಿಂತಿದ್ದವಂತೆ. ಇನ್ನೊಬ್ಬರ ಬಾಯಿಂದ ಬಂದ ದೇವರ ಮಾತನ್ನು ಪರೀಕ್ಷಿಸದೆ ನಂಬಿದ್ದೇ ಅವನಿಗೆ ಮುಳುವಾಯಿತು.

ಪ್ರವಾದನೆ ಆಡುವವರ ಮಾತನ್ನು ಉಳಿದವರು ವಿವೇಚಿಸಬೇಕೆಂದು ಪೌಲನು ಕೊರಿಂಥದ ಸಭೆಗೆ ಬರೆದ. ನಿಜವಾದ ಕರೆ ಪರೀಕ್ಷೆಗೆ ಹೆದರುವುದಿಲ್ಲ. ಮದರ್ ತೆರೆಸಾರನ್ನೇ ನೋಡಿ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್ ಕಡೆಗಿನ ರೈಲಿನಲ್ಲಿ ಅವರಿಗೆ ಬಡವರ ನಡುವೆ ಹೋಗುವ ಕರೆ ಬಂತು. ಕೋಲ್ಕತ್ತದ ಆರ್ಚ್‌ಬಿಷಪ್ ಪೆರಿಯರ್ ಕೂಡಲೇ ಹೂಂ ಅನ್ನಲಿಲ್ಲ. ಕಾಯಿಸಿದರು, ಮತ್ತೆ ಮತ್ತೆ ಪ್ರಶ್ನೆ ಕೇಳಿದರು. ತೆರೆಸಾ ಪತ್ರದ ಮೇಲೆ ಪತ್ರ ಬರೆದು ಬೇಡಿಕೊಂಡರೇ ಹೊರತು ಅಪ್ಪಣೆಯಿಲ್ಲದೆ ಕಾನ್ವೆಂಟಿನ ಹೊಸಿಲು ದಾಟಲಿಲ್ಲ. ಹೊರಬಂದದ್ದು 1948ರ ಆಗಸ್ಟಿನಲ್ಲಿ. ನಿಮ್ಮ ಬ್ರದರ್ ಒಂದು ತಿಂಗಳ ಗಡುವು ಕೊಟ್ಟಿದ್ದಾರೆ, ಮೇಲೆ ಆಪತ್ತಿನ ಬೆದರಿಕೆ. ಮುಂದಿನ ಕೂಟವನ್ನು ಬೇರೆಯವರ ಮನೆಯಲ್ಲಿ ಇಟ್ಟುಕೊಳ್ಳಲು ಹೇಳಿ. ನಿಮ್ಮ ಸಭಾಪಾಲಕರಿಗೂ ವಿಷಯ ತಿಳಿಸಿ.

ಪ್ರಶ್ನೆ: ನನ್ನ ತಮ್ಮನಿಗೆ ಎರಡು ತಿಂಗಳಿಂದ ಕಿವಿಯಲ್ಲಿ ಸ್ವರ ಕೇಳಿಸುತ್ತದೆ. ಊಟ ಮಾಡಬೇಡ ಎನ್ನುತ್ತದಂತೆ. ನಿದ್ದೆಯಿಲ್ಲ. ಸಭೆಯಲ್ಲಿ ಕೆಲವರು ಇದು ಪ್ರವಾದನೆಯ ವರ ಎನ್ನುತ್ತಾರೆ.
– ಓದುಗರು, ಬೀದರ್

ಉತ್ತರ: ತಡಮಾಡದೆ ಮನೋವೈದ್ಯರಿಗೆ ತೋರಿಸಿ. ಹೇಗೆ, ಎಲ್ಲಿ ಎಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತೇನಾದರೂ ಆಡಿದರೆ ಒಂಟಿಯಾಗಿ ಬಿಡಬೇಡಿ, ಸೀದಾ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಾರ್ಥನೆ ನಡೆಯಲಿ, ಪ್ರಾರ್ಥನೆಯ ಹೆಸರಲ್ಲಿ ಮಾತ್ರೆ ನಿಲ್ಲಬಾರದು. ಸಾಯಬೇಕೆಂದು ಮರದ ಕೆಳಗೆ ಬಿದ್ದುಕೊಂಡ ಎಲೀಯನಿಗೂ ದೇವರು ಮೊದಲು ಕೊಟ್ಟದ್ದು ನಿದ್ದೆ, ಬಿಸಿ ರೊಟ್ಟಿ, ನೀರು. ಅದೂ ಎರಡು ಸಲ ಎಬ್ಬಿಸಿ ಉಣ್ಣಿಸಿದ್ದು. ಹೋರೇಬಿನಲ್ಲಿ ಮಾತಾಡಿದ್ದು ಆಮೇಲೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಸಂಡೇ ಸ್ಕೂಲಿನ ಕಾಲದಿಂದ ಪ್ರಾರ್ಥಿಸುತ್ತ ಬಂದಿದ್ದೇನೆ. ದೇವರು ನನ್ನೊಡನೆ ಮಾತಾಡಿದ ಎಂದು ಸಾಕ್ಷಿ ಹೇಳುವವರನ್ನು ಕಂಡಾಗ ಸಂಕಟವಾಗುತ್ತದೆ. ನನಗೆ ಒಂದು ದಿನವೂ ಏನೂ ಕೇಳಿಸಿಲ್ಲ.
– ಓದುಗಿ, ಧಾರವಾಡ

ಉತ್ತರ: ಮೇಡಂ, ಮೇಲೆ ಹೇಳಿದ ತೆರೆಸಾರ ಕಥೆ ರೈಲಿಗೆ ಮುಗಿಯುವುದಿಲ್ಲ. ಕೆಲಸ ಶುರುವಾದ ಮೇಲೆ ಅವರಿಗೆ ಒಳಗೆಲ್ಲ ಕತ್ತಲೆ, ಮೌನ. 1997ರಲ್ಲಿ ತೀರಿಕೊಳ್ಳುವವರೆಗೂ ಹೆಚ್ಚುಕಡಿಮೆ ಹಾಗೇ ಇತ್ತು. ತಮ್ಮ ಆತ್ಮಿಕ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಅಚ್ಚಾದಾಗ ಜಗತ್ತಿಗೆಲ್ಲ ಅದು ತಿಳಿಯಿತು. ಅಷ್ಟು ವರ್ಷ ಅವರು ಬೆಳಗಿನ ಪ್ರಾರ್ಥನೆ ತಪ್ಪಿಸಲಿಲ್ಲ.

ಸಾಕ್ಷಿ ಹೇಳುವವರಲ್ಲಿ ಕೆಲವರಿಗೆ ನಿಜಕ್ಕೂ ಕೇಳಿಸಿರಬಹುದು. ಕೆಲವರು ತಮ್ಮ ಮನಸ್ಸಿಗೆ ಹೊಳೆದದ್ದಕ್ಕೆ ದೇವರ ಹೆಸರು ಹಚ್ಚಿರುತ್ತಾರೆ. ಹಾಗೆ ಹಚ್ಚದೆ ಉಳಿದ ನಿಮ್ಮ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು. ಸತ್ಯವೇದದಲ್ಲಿ ನಿಮ್ಮಂಥವರಿಗೂ ಒಂದು ಪ್ರಾರ್ಥನೆ ಇದೆ, 88ನೇ ಕೀರ್ತನೆ. ಮೊದಲಿಂದ ಕೊನೆತನಕ ಮೊರೆ, ಉತ್ತರವೇ ಇಲ್ಲ. ಕತ್ತಲೆಯ ಮಾತಿನಲ್ಲೇ ನಿಂತುಬಿಡುತ್ತದೆ. ಸಂಗ್ರಹಿಸಿದ ಹಿರಿಯರು ಅದನ್ನು ತಿದ್ದಲೂ ಇಲ್ಲ, ತೆಗೆಯಲೂ ಇಲ್ಲ. ಇವತ್ತು ರಾತ್ರಿ ಅದನ್ನು ಗಟ್ಟಿಯಾಗಿ ಓದಿ. ಸಮಾಧಾನಕ್ಕೆಂದು ಹಿಂದೆಯೇ 23ನೆಯದನ್ನು ಸೇರಿಸಬೇಡಿ.